ಕೈತೂಕ

ರಿಂಗ್ ರೋಡಿನ ಬಾಜೂಕ ಖಮರ್ ಉಸ್ತಾದನ ಶೆಡ್ಡು.
ಜಾಕಿನ ಮ್ಯಾಲ ನನ್ನ ಗಾಡಿ,
ಒಂದು ಕಾಲೆತ್ತಿ ನಿಂತ ನಾಯಿ ಹಂಗ.
ಹಳದಿ ಬಣ್ಣ, ಎರಡೇ ಬಾಗಿಲು,
ಹೈದರಾಬಾದಿನ ಯಾವನೋ ಹಲ್ಲಿನ ಡಾಕ್ಟರು ಮಾರಿದ್ದು.
ಐವತ್ತಮೂರರ ಹೆಂಗಸಿಗೆ, ಅದೂ ದಾಲ್ ಮಿಲ್ಲಿನಾಕಿಗೆ,
ಇದು ಯಾಕ ಬೇಕಿತ್ತು ಅಂತ ಕೇಳದವರು
ಗಂಜಿನಾಗ ಇಬ್ಬರೇ:
ತೂಕದ ಹಮಾಲ, ಮತ್ತ ಅವನ ತಕ್ಕಡಿ.

ಉಸ್ತಾದ ಗಾಲಿ ಬಿಚ್ಚಿ ಹಳೇ ಡಿಸ್ಕು ತೋರಿಸಿದ.
ಅಂಚಿನಾಗ ತುಟಿ ಎದ್ದದ, ನಡುವ ಸವದದ,
ಅಲ್ಲಲ್ಲಿ ನೀಲಿ ಮಚ್ಚಿ,
ಹೊಡೆತ ತಿಂದ ಮೈಯಾಗ ಇರ್ತಾವಲ್ಲ, ಹಂಗ.
ವರ್ನಿಯರ್ ಹಿಡಿದು ಕಣ್ಣು ಕಿರಿದು ಮಾಡಿ ಓದಿದ:
"ಹತ್ತೊಂಬತ್ತೂವರಿ.
ಇಪ್ಪತ್ತಕ್ಕೇ ಇದು ತೀರಿಕೊಂಡದ ಮೇಡಂ.
ನೀವು ಹೆಣದ ಮ್ಯಾಲ ಓಡಸ್ಲಿಕತ್ತೀರಿ."

ಹೌದು. ಹೋದ ಐತವಾರ
ಕಮಲಾಪುರದ ಇಳುಕಲಿನಾಗ ಕುರಿ ಹಿಂಡು ಅಡ್ಡ ಬಂತು.
ಪೆಡಲ್ ತುಳದೆ.
ಸ್ಟಿಯರಿಂಗು ಕೈಯಾಗ ಮಿಲ್ಲಿನ ಜರಡಿ ಆಯ್ತು,
ಗಡಗಡ, ಗಡಗಡ,
ಕಡೇ ಮರಿ ಬಂಪರಿಗೆ ಮೂಗು ಹಚ್ಚಿ, ಮೂಸಿ ನೋಡಿ
ಹೋಯ್ತು.
ಕಂಬಳಿ ಹೊತ್ತಾಂವ ಬೈಲಿಲ್ಲ. ಅದೇ ಕಷ್ಟ.
"ಓಡಸಾದು ಬರ್ತದಕ್ಕಾ ನಿನಗ" ಅಂದ,
ಅಷ್ಟೇ ಅಂದ.

ಈಗ ಬಾಕಿನ ಮ್ಯಾಲ ಮೂರು ಡಬ್ಬಿ, ಪುಣೆಯಿಂದ ಬಂದಾವು.
ಒಂದರ ತುಂಬ ತೂತು, ತೊಗರಿಕಾಳು ದಾಟುವಷ್ಟು.
ಒಂದಕ್ಕ ಗೀರು, ಓರೆ ಓರೆ.
ಇನ್ನೊಂದು ಬೋಳು, ನನ್ನ ಹಣಿ ಹಂಗ.

ಅಂಬಾರಾಯ, ಹತ್ತೊಂಬತ್ತರ ಹುಡುಗ, ತೂತಿನದರ ಮ್ಯಾಲ ಕೈ ಇಟ್ಟ:
"ಇದೇ ತಗೋರಿ ಅಕ್ಕೋರೆ, ಗಾಲಿ ಸಂದಿನಾಗಿಂದ ಕಾಣಸ್ತದ.
ಸೂಪರ್ ಮಾರ್ಕೆಟಿನಾಗ ನಿಲ್ಲಿಸಿದ್ರ
ಮಂದಿ ಬಗ್ಗಿ ಬಗ್ಗಿ ನೋಡ್ತಾರ."
ಉಸ್ತಾದ ಬೀಡಿ ಕಿವಿಗೆ ಸಿಗಸಿ ನಕ್ಕ:
"ಬಗ್ಗಿ ನೋಡಿದವರಿಗೆ ಬಿರುಕೂ ಕಾಣಸ್ತದ ಬೇಟಾ.
ಮ್ಯಾಲ ಮೇ ತಿಂಗಳ ಬಿಸಲು, ಒಳಗ ಬ್ರೇಕಿನ ಬೆಂಕಿ,
ತೂತಿನಿಂದ ತೂತಿಗೆ ಸೀಳು ಹೊಂಡ್ತದ,
ಇರುವಿ ಸಾಲು ಹೊಂಟಂಗ."

ಗೀರಿನದು ಬೆರಳಾಡಿಸಿ ನೋಡಿದೆ.
ಬೆರಳಿಗೆ ಗುರುತಿತ್ತು.
ಅವ್ವನ ಬೀಸುಕಲ್ಲು.
ಬ್ಯಾಸಗ್ಯಾಗ ಕಲ್ಲು ಕಟಿಯಾಕಿ ಬರ್ತಿದ್ಲು ಚಾಣ ಹಿಡಕೊಂಡು,
ನುಣ್ಣಗಾದ ಕಲ್ಲಿನ ಬಾಯಾಗ ಟಿಕ್ ಟಿಕ್ ಟಿಕ್
ಹೊಸ ಹಲ್ಲು ಹುಟ್ಟಸ್ತಿದ್ಲು.
ಒಮ್ಮೆ ಕಲ್ಲಪುಡಿ ನನ್ನ ಕಣ್ಣಾಗ ಬಿತ್ತು,
ಸೆರಗಿನ ತುದಿ ಬಾಯಿಯಾಗ ಹಸಿ ಮಾಡಿ ತಗದಿದ್ಲು,
ಹೆಸರು ನೆನಪಿಲ್ಲ.

"ಸದ್ದು ಮಾಡ್ತದ ಅದು" ಅಂದ ಉಸ್ತಾದ, "ಪ್ಯಾಡೂ ತಿಂತದ."
ಮಾಡ್ಲಿ. ಮೂವತ್ತು ವರ್ಷ ತೊಗರಿ ಒಡಿಯೋ ಸದ್ದಿನಾಗ ಮಲಗಿದಾಕಿ ನಾನು.
ಇದೇ ಇರ್ಲಿ ಅಂತ ಬಾಯಿ ತೆರೆದೆ.

ತೆರೆದ ಬಾಯಿ ತೆರೆದೇ, ಸುಮ್ನೆ ಒಂದೊಂದೇ ಎತ್ತಿ ನೋಡಿದೆ.
ಚೀಲ ಬಂದರ ಮೊದಲ ಕೈತೂಕ ನೋಡಾದು, ಆಮ್ಯಾಲ ಕಾಟಾ,
ಇದು ನನ್ನ ಗಂಡ ಬಿಟ್ಟುಹೋದ ಒಂದೇ ಛಲೋ ಚಟ.
ತೂತಿನದು ಹಗೂರ.
ಗೀರಿನದು ನಡುವಿಂದು.
ಬೋಳು ಎತ್ತಿದೆ, ಮಣಿಕಟ್ಟು ಜಗ್ತು.
"ಯಾಕ ಇಷ್ಟು?"
"ಇದರಾಗಿಂದ ಯಾರೂ ಏನೂ ತಗದಿಲ್ಲಲ್ರಿ.
ಎಷ್ಟು ಕಬ್ಬಿಣ ಅದನೋ ಅಷ್ಟು ಬೆಂಕಿ ತಡಕೊಂತದ."

ಅಂಬಾರಾಯನ ಮಾರಿ ಸಣ್ಣದಾಯ್ತು.
"ಬೋಳೇ ಹಾಕು" ಅಂದೆ. "ಉಳಿದ ರೊಕ್ಕದಾಗ ಹೊಸ ಬ್ರೇಕ್ ಎಣ್ಣಿ,
ನಾಲ್ಕೂ ಗಾಲಿಗೆ ಛಲೋ ಟೈರು."

ಮರುದಿನ ನಸುಕಿನಾಗ ರಿಂಗ್ ರೋಡು ಖಾಲಿ.
ಉಸ್ತಾದ ಹೇಳಿದ ಪಾಠ: ಅರವತ್ತಕ್ಕ ಏರು, ಹತ್ತಕ್ಕ ಇಳಿ,
ಪೂರಾ ನಿಲ್ಲಬ್ಯಾಡ,
ಬಿಸಿ ಮ್ಯಾಲ ಪ್ಯಾಡು ಕೂತರ ಕಲಿ ಬೀಳ್ತದ. ಇಪ್ಪತ್ತು ಸಲ.
ಏಳನೇದಕ್ಕ ಸುಟ್ಟ ವಾಸನಿ.
ಹನ್ನೊಂದಕ್ಕ ಹಾಲಿನ ಗಾಡಿಯಾಂವ ಬಾಜೂಕ ಬಂದ:
"ಏನಾಗ್ಯಾದ್ರಿ, ಪೆಟ್ರೋಲ್ ತೀರ್ತೇನ್ರಿ?"
ಇಲ್ಲಪ್ಪ, ಅಂದೆ, ಕಲೀಲಿಕತ್ತೀನಿ.

ಮೆಲ್ಲಕ ಮಿಲ್ಲಿನ ಮುಂದ ಬಂದು, ಇಳಿದು,
ಗಾಲಿ ಹತ್ತರ ಅಂಗೈ ಹಿಡಿದೆ, ಮುಟ್ಟಲಿಲ್ಲ,
ರೊಟ್ಟಿ ಹಾಕೋ ಮೊದಲ ಹಂಚಿಗೆ ಹಿಡೀತೀವಲ್ಲ, ಹಂಗ.
ಕಾದದ.
ಕಾಯಬೇಕು.